ನಾಲ್ವರು ಊರ ಡಾಕ್ಟರುಗಳು ಕಟ್ಟಿದ ಅಕಾಡೆಮಿ: ನಮ್ಮ ಡಾಕ್ಟರುಗಳು ಯಾಕೆ ಬರೆದಿಡುವುದಿಲ್ಲ?

ಗ್ರಂಥಪಾಲಕ_ಬೆಳಗಾವಿ:
ಜರ್ಮನಿಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಹೆಸರು ಲಿಯೋಪೋಲ್ಡಿನಾ. ಈಗ ಹಾಲೆ ಎಂಬ ಊರಲ್ಲಿದೆ. ಗಯಟೆ, ಡಾರ್ವಿನ್, ಐನ್‌ಸ್ಟೈನ್ ಎಲ್ಲರೂ ಇದರ ಸದಸ್ಯರಾಗಿದ್ದವರು. ಇಂಥ ಸಂಸ್ಥೆಯನ್ನು ಯಾವನೋ ರಾಜನೋ, ದೊಡ್ಡ ವಿಶ್ವವಿದ್ಯಾಲಯವೋ ಶುರು ಮಾಡಿರಬೇಕು ಅನ್ನಿಸುತ್ತದೆ ಅಲ್ವಾ? ಶುರು ಮಾಡಿದ್ದು ನಾಲ್ವರು ಡಾಕ್ಟರುಗಳು. ಊರು ಶ್ವೈನ್‌ಫುರ್ಟ್. ಅಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ದಿನ 1652ರ ಜನವರಿ 1. ಮೂವತ್ತು ವರ್ಷ ನಡೆದ ಯುದ್ಧ 1648ರಲ್ಲಿ ಮುಗಿದು, ಊರುಗಳೆಲ್ಲ ಇನ್ನೂ ಸುಧಾರಿಸಿಕೊಳ್ಳುತ್ತಿದ್ದ ಹೊತ್ತು. ಲಂಡನ್ನಿನ ರಾಯಲ್ ಸೊಸೈಟಿ ಹುಟ್ಟಿದ್ದು ಅದಾದ ಮೇಲೆ, 1660ರಲ್ಲಿ. ಪ್ಯಾರಿಸ್ಸಿನದು 1666ರಲ್ಲಿ.

ಮುಂದಾಳು ಯೋಹಾನ್ ಲೊರೆಂಟ್ಸ್ ಬೌಷ್, ಆ ಊರಿನ ನಗರವೈದ್ಯ. ಜೊತೆಗೆ ಫೇರ್, ಮೆಟ್ಸ್‌ಗರ್, ವೋಲ್‌ಫಾರ್ತ್. ನಾಲ್ವರೂ ನಾಡಿ ಹಿಡಿದು, ಕಷಾಯ ಕೊಟ್ಟು ಹೊಟ್ಟೆ ಹೊರೆಯುವವರೇ. ಬೌಷ್ ಇಟಲಿಯಲ್ಲಿ ಓದುವಾಗ ಅಲ್ಲಿನ ವಿದ್ವಾಂಸರ ಕೂಟಗಳನ್ನು ನೋಡಿ ಬಂದಿದ್ದ. ತನ್ನ ಊರಲ್ಲೂ ಅಂಥದ್ದೊಂದು ಬೇಕು ಅನ್ನಿಸಿತು.

ಅವರು ಮಾಡಿಕೊಂಡ ನಿಯಮ ನೋಡಿ. ಸದಸ್ಯನಾದವನು ಒಂದು ಗಿಡವೋ, ಪ್ರಾಣಿಯೋ, ಕಲ್ಲೋ ಆರಿಸಿಕೊಳ್ಳಬೇಕು. ಅದರ ಬಗ್ಗೆ ಹಳಬರು ಹೇಳಿದ್ದು, ತಾನು ಕಂಡದ್ದು, ಔಷಧಿಗೆ ಹೇಗೆ ಬರುತ್ತದೆ ಎಂಬುದು, ಎಲ್ಲ ಸೇರಿಸಿ ಆರು ತಿಂಗಳಲ್ಲಿ ಬರೆದುಕೊಡಬೇಕು. ಕಟ್ಟಡ ಇಲ್ಲ, ವಾರದ ಸಭೆ ಇಲ್ಲ. ಎಲ್ಲ ಕಾಗದದಲ್ಲೇ. ಅಧ್ಯಕ್ಷ ಎಲ್ಲಿರುತ್ತಾನೋ ಅಕಾಡೆಮಿಯೂ ಅಲ್ಲೇ. ಅಧ್ಯಕ್ಷ ಬದಲಾದರೆ ಪುಸ್ತಕಗಳೂ ಗಾಡಿ ಹತ್ತಿ ಹೊಸ ಊರಿಗೆ ಹೋಗುತ್ತಿದ್ದವು. ಹಾಲೆಯಲ್ಲಿ ನೆಲೆ ನಿಂತದ್ದೇ 1878ರಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ. ಹಳ್ಳಿ ಹಳ್ಳಿಗೆ ದವಾಖಾನೆ ಇವೆ. ನಾನು ವೈದ್ಯಕೀಯ ಪುಸ್ತಕಗಳ ನಡುವೆಯೇ ನೌಕರಿ ಮಾಡಿ ನಿವೃತ್ತನಾದವನು. ನಮ್ಮ ನೆಲದ ರೋಗ, ನಮ್ಮ ಜನರ ಮೈ ಬಗ್ಗೆ ತಾಲೂಕಿನ ಡಾಕ್ಟರೊಬ್ಬರು ಬರೆದದ್ದು ಹುಡುಕಿದರೆ ಕಪಾಟು ಖಾಲಿ. ಪ್ರಮೋಷನ್ನಿಗೆ ಬೇಕಾದ ಲೇಖನಗಳ ಮಾತು ಬಿಡಿ, ಅವು ರಾಶಿ ಇವೆ.

ಗುಮ್ಮಟದ_ಹುಡುಗಿ (ವಿಜಯಪುರ):
ಸರ್, ಒಂದು ಸಂಶಯ. ಗೆಲಿಲಿಯೋ ಸತ್ತು ಹತ್ತು ವರ್ಷ ಆಗಿತ್ತು. ದುರ್ಬೀನು, ಗಣಿತದ ಕಾಲ ಅದು. ಆದರೂ ಡಾಕ್ಟರುಗಳೇ ಯಾಕೆ ಮುಂದೆ ಬಂದರು?

ಗ್ರಂಥಪಾಲಕ_ಬೆಳಗಾವಿ:
ಒಳ್ಳೆ ಪ್ರಶ್ನೆ ತಂಗಿ. ಆಗಿನ ಯುರೋಪಿನ ವಿಶ್ವವಿದ್ಯಾಲಯದಲ್ಲಿ ಮೇಲಿನ ಓದು ಅಂದರೆ ಮೂರೇ: ಧರ್ಮಶಾಸ್ತ್ರ, ಕಾನೂನು, ವೈದ್ಯ. ಗಿಡಮೂಲಿಕೆ ಗುರುತಿಸುವುದು, ಹೆಣ ಕೊಯ್ದು ನೋಡುವುದು, ಲೋಹ ಕರಗಿಸಿ ಔಷಧಿ ಮಾಡುವುದು ಎಲ್ಲ ಬರುತ್ತಿದ್ದದ್ದು ವೈದ್ಯದ ಕೆಳಗೆ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಅಂತ ಬೇರೆ ಪದವಿ ಇರಲಿಲ್ಲ. ಹಾಗಾಗಿ ನಿಸರ್ಗದ ಹುಚ್ಚಿದ್ದು, ಅದರಿಂದಲೇ ಹೊಟ್ಟೆಯೂ ತುಂಬಬೇಕು ಅಂದರೆ ಡಾಕ್ಟರಾಗಬೇಕಿತ್ತು. ಮೊದಲ ಇನ್ನೂರು ವರ್ಷ ಲಿಯೋಪೋಲ್ಡಿನಾದ ಅಧ್ಯಕ್ಷರು ಹೆಚ್ಚುಕಡಿಮೆ ಎಲ್ಲರೂ ವೈದ್ಯ ಓದಿದವರೇ. ಲಂಡನ್ನಿನಲ್ಲೂ ನ್ಯೂಟನ್ ತೀರಿಕೊಂಡ ಮೇಲೆ ರಾಯಲ್ ಸೊಸೈಟಿಯ ಅಧ್ಯಕ್ಷನಾದವನು ಹ್ಯಾನ್ಸ್ ಸ್ಲೋನ್ ಎಂಬ ಡಾಕ್ಟರ್.

ಘಟಪ್ರಭಾ_ಡಾಕ್ಟರ್ (ಬಾಗಲಕೋಟೆ ಜಿಲ್ಲೆ):
ಸಾಹೇಬ್ರೇ, ಸ್ವಲ್ಪ ಸಿಟ್ಟು ಬಂತು, ಬೇಜಾರಾಗಬೇಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಕಟ್ಟೆ ಮೇಲೆ ಜನ ಕೂತಿರುತ್ತಾರೆ. ಕಬ್ಬಿನ ಹಂಗಾಮು ಬಂತೆಂದರೆ ಗ್ಯಾಂಗಿನವರ ಕೈಕಾಲು ಹೊಲಿಯುವುದೇ ಕೆಲಸ. ರಾತ್ರಿ ಹಾವು ಕಚ್ಚಿದವರು. ಇದರ ಮಧ್ಯೆ ಕೂತು ಗ್ರಂಥ ಬರೆಯಬೇಕಾ? ನಿಮ್ಮ ಬೌಷ್‌ನಿಗೆ ಇನ್ಶೂರೆನ್ಸ್ ಫಾರ್ಮು, ಆನ್‌ಲೈನ್ ಎಂಟ್ರಿ ಇತ್ತೇನು? ಪುರುಸೊತ್ತಿದ್ದ ಕಾಲ ಅದು.

ನಾನು ಹಿಂದೆ ಒಂದು ಕಡೆ ನೌಕರಿಯಲ್ಲಿದ್ದಾಗ ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ವಿಷ ಏರಿದವರ ಲೆಕ್ಕ ಇಡಲು ಒಂದು ವಹಿ ಮಾಡಿದ್ದೆ. ಮೇಲಿನವರು ನೋಡಿ "ಇದನ್ನು ಯಾರು ಕೇಳಿದರು?" ಅಂದರು. ಬಿಟ್ಟುಬಿಟ್ಟೆ.

ಗ್ರಂಥಪಾಲಕ_ಬೆಳಗಾವಿ:
ಡಾಕ್ಟ್ರೇ, ನಿಮ್ಮ ಸಿಟ್ಟು ನ್ಯಾಯವೇ. ಪುರುಸೊತ್ತಿನ ವಿಷಯ ಮಾತ್ರ ನಾನು ಒಪ್ಪುವುದಿಲ್ಲ. ಅವರೂ ಬರೆಯಲಿಲ್ಲ!

ನಿಯಮ ಮಾಡಿದ್ದು 1652ರಲ್ಲಿ. ಆರು ತಿಂಗಳಿಗೊಂದು ಪುಸ್ತಕ ಅಂತ ಮಾತು. ಮೊದಲ ಪುಸ್ತಕ ಬಂದದ್ದು 1661ರಲ್ಲಿ. ಒಂಬತ್ತು ವರ್ಷ! ಅದನ್ನು ಬರೆದವನೂ ಈ ನಾಲ್ವರಲ್ಲಿ ಒಬ್ಬನಲ್ಲ. ಬ್ರೆಸ್ಲೌ ಊರಿನ ಡಾಕ್ಟರ್ ಫಿಲಿಪ್ ಯಾಕೋಬ್ ಸಾಕ್ಸ್. ಬೌಷ್‌ನ ಸ್ವಂತ ಪುಸ್ತಕ ಅಚ್ಚಾದದ್ದು 1665ರಲ್ಲಿ, ಅವನು ತೀರಿಕೊಂಡ ವರ್ಷ.

ಅಕಾಡೆಮಿಯನ್ನು ಉಳಿಸಿದವನು ಈ ಸಾಕ್ಸ್ ಅಂತ ನನ್ನ ಅಭಿಪ್ರಾಯ. ಓಡಾಟದ ಡಾಕ್ಟರಿಗೆ ಇಡೀ ಪುಸ್ತಕ ಬರೆಯುವುದು ಆಗದ ಮಾತು ಅಂತ ಅವನಿಗೆ ಹೊಳೆಯಿತು. ಪುಸ್ತಕ ಬೇಡ, ಒಂದು ಪುಟ ಕಳಿಸಿ. ಒಬ್ಬ ರೋಗಿ, ಒಂದು ಗಿಡ, ಹೆಣ ಕೊಯ್ದಾಗ ಕಂಡ ಒಂದು ಗಂಟು, ಏನಾದರೂ ಸರಿ. ಎಲ್ಲ ಕೂಡಿಸಿ ವರ್ಷಕ್ಕೊಂದು ಸಂಪುಟ ಅಚ್ಚು ಹಾಕೋಣ. 1670ರಲ್ಲಿ ಆ ಪತ್ರಿಕೆ ಶುರುವಾಯಿತು. ಹೆಸರು ಮಿಸಲೇನಿಯಾ ಕ್ಯೂರಿಯೋಸಾ, ಭಾಷೆ ಲ್ಯಾಟಿನ್. ಎರಡು ವರ್ಷಕ್ಕೆ ಸಾಕ್ಸ್ ಹೋಗಿಬಿಟ್ಟ, ಪತ್ರಿಕೆ ನಿಲ್ಲಲಿಲ್ಲ. ಒಂಬತ್ತು ವರ್ಷ ಬರೆಯದೆ ಕೂತವರ ಸಂಘಕ್ಕೆ ಊರೂರಿನಿಂದ ಕಾಗದ ಬರತೊಡಗಿದವು.

ನಿಮ್ಮ ವಹಿ ಇನ್ನೂ ಇದೆಯಾ?

ಘಟಪ್ರಭಾ_ಡಾಕ್ಟರ್:
ಇದೆ. ಟ್ರಂಕಿನಲ್ಲಿ ಎಲ್ಲೋ ಇರಬೇಕು.

ತಿಕೋಟಾ_ದ್ರಾಕ್ಷಿ:
ನಮಸ್ಕಾರ್ರೀ ಎಲ್ಲರಿಗೂ. ನಾನು ಡಾಕ್ಟರೂ ಅಲ್ಲ, ಪ್ರೊಫೆಸರೂ ಅಲ್ಲ. ಆ ಮೊದಲನೇ ಪುಸ್ತಕ ಯಾವುದರ ಬಗ್ಗೆ ಅಂತ ಹೇಳಲೇ ಇಲ್ಲವಲ್ಲ ಸರ್?

ಗ್ರಂಥಪಾಲಕ_ಬೆಳಗಾವಿ:
ನೀವೇ ಕೇಳಬೇಕಿತ್ತು ನೋಡಿ! ದ್ರಾಕ್ಷಿ ಬಳ್ಳಿಯ ಬಗ್ಗೆ. ಹೆಸರು ಆಂಪೆಲೋಗ್ರಾಫಿಯಾ. ಬಳ್ಳಿಯ ಸ್ವಭಾವ, ಹಳೆಯ ಗ್ರಂಥಗಳಲ್ಲಿ ಬಂದದ್ದು, ಇತಿಹಾಸ, ವೈದ್ಯ, ರಸಾಯನ ಇಷ್ಟೂ ಇದರಲ್ಲಿದೆ ಅಂತ ತಲೆಬರಹದಲ್ಲೇ ಬರೆದುಕೊಂಡಿದ್ದಾನೆ. ಒಬ್ಬ ಡಾಕ್ಟರ್ ಒಂದೇ ಬಳ್ಳಿ ಹಿಡಿದು ದಪ್ಪ ಪುಸ್ತಕ ಬರೆದ.

ತಿಕೋಟಾ_ದ್ರಾಕ್ಷಿ:
ಭಾರಿ ಆಯ್ತಲ್ರೀ! ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವುದು, ಯಾವಾಗ ಮಾಡಬೇಕು ಅಂತ ಬರೆದಿದ್ದರೆ ಹೇಳಿ, ಈ ಸಲ ಮಳೆ ನೋಡಿ ತಲೆ ಕೆಟ್ಟಿದೆ 😄

ಖಾನಾಪುರ_ಸಂದೇಹಿ:
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ. ಬೌಷ್ ಬರೆದ ಆ ಪುಸ್ತಕ ಯಾವುದರ ಮೇಲೆ ಗೊತ್ತಾ? ಹದ್ದಿನ ಕಲ್ಲು ಮತ್ತು ರಕ್ತಕಲ್ಲು. ಹದ್ದಿನ ಕಲ್ಲು ಅಂದರೆ ಒಳಗೆ ಪೊಳ್ಳಾದ ಕಲ್ಲು. ಅದರೊಳಗೆ ಇನ್ನೊಂದು ಸಣ್ಣ ಹರಳು ಬಿಡಿಯಾಗಿರುತ್ತದೆ, ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಕಲ್ಲಿನ ಹೊಟ್ಟೆಯಲ್ಲಿ ಮರಿ ಕಲ್ಲು ಇದೆ, ಆದ್ದರಿಂದ ಬಸುರಿಗೆ ಕಟ್ಟಿದರೆ ಗರ್ಭ ನಿಲ್ಲುತ್ತದೆ, ಹೆರಿಗೆ ಸಲೀಸಾಗುತ್ತದೆ ಅಂತ ಆಗಿನ ನಂಬಿಕೆ. ರಕ್ತಕಲ್ಲು ಕೆಂಪಗಿದೆ, ಹಾಗಾಗಿ ರಕ್ತ ನಿಲ್ಲಿಸುತ್ತದಂತೆ. ಅವನು ಸತ್ತ ಮೇಲೆ 1666ರಲ್ಲಿ ಬಂದ ಇನ್ನೊಂದು ಪುಸ್ತಕ ನೆಲದಲ್ಲಿ ಸಿಗುವ ಏಕಶೃಂಗ ಎಂಬ ಕಟ್ಟುಕಥೆಯ ಪ್ರಾಣಿಯ ಕೊಂಬಿನ ಮೇಲೆ. ಅವು ಹಳೆಯ ಕಾಲದ ಪ್ರಾಣಿಗಳ ಮೂಳೆ ಅಂತ ಈಗ ಶಾಲೆ ಮಕ್ಕಳಿಗೂ ಗೊತ್ತು. ಪತ್ರಿಕೆಯಲ್ಲೂ ವಿಚಿತ್ರ ಹುಟ್ಟು, ಅಪರೂಪದ ಸಂಗತಿಗಳೇ ಜಾಸ್ತಿ. ಇದು ವಿಜ್ಞಾನವೋ ಜಾತ್ರೆಯೋ?

ಹೀಗೆ ಬರೆದಿಡುವುದಕ್ಕಿಂತ ಬರೆಯದೆ ಇರುವುದೇ ವಾಸಿ ಅಂತ ನನಗೆ ಅನ್ನಿಸುತ್ತದೆ. ನಮ್ಮಲ್ಲಿ ವಾಟ್ಸಾಪಿನಲ್ಲಿ ಬರುವ ಮನೆಮದ್ದು ಸಾಲದಾ?

ಗುಮ್ಮಟದ_ಹುಡುಗಿ:
ಕಾಕಾ, ವಾಟ್ಸಾಪಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಇಲ್ಲಿ ಕೆಳಗೆ ಬರೆದವನ ಹೆಸರಿದೆ, ಊರಿದೆ, ವರ್ಷ ಇದೆ. ಇನ್ನೊಬ್ಬ ಓದಿ "ನಾನು ಹೀಗೆ ಮಾಡಿ ನೋಡಿದೆ, ಆಗಲಿಲ್ಲ" ಅಂತ ಮುಂದಿನ ವರ್ಷ ಬರೆಯಬಹುದು. ಹದ್ದಿನ ಕಲ್ಲು ಸುಳ್ಳು ಅಂತ ಹೇಳಲಿಕ್ಕೂ ಮೊದಲು ಅದರ ಬಗ್ಗೆ ಯಾರು ಏನೇನು ಹೇಳಿದ್ದಾರೆ ಅಂತ ಒಂದೇ ಕಡೆ ಸಿಗಬೇಕಲ್ಲ.

ಇತಿಹಾಸ ಓದುವವರಿಗಂತೂ ಆ ವಿಚಿತ್ರಗಳೇ ಚಿನ್ನ. ಜನ ಏನಕ್ಕೆ ಹೆದರುತ್ತಿದ್ದರು, ಯಾವ ನೋವಿಗೆ ಏನು ಮಾಡುತ್ತಿದ್ದರು ಅಂತ ಬೇರೆಲ್ಲಿ ಸಿಗುತ್ತದೆ?

ಮಾಸ್ತರ_ಗೋಕಾಕ:
ಈ ಅಕಾಡೆಮಿಗೆ ಲಿಯೋಪೋಲ್ಡಿನಾ ಅಂತ ಹೆಸರು ಬಂದ ಕಥೆ ಯಾರೂ ಹೇಳಲಿಲ್ಲ. ಚಕ್ರವರ್ತಿ ಒಂದನೇ ಲಿಯೋಪೋಲ್ಡ್ 1677ರಲ್ಲಿ ಮಾನ್ಯತೆ ಕೊಟ್ಟ. 1687ರಲ್ಲಿ ಇನ್ನೂ ದೊಡ್ಡ ಸವಲತ್ತು ಕೊಟ್ಟ. ಇವರ ಪುಸ್ತಕಗಳಿಗೆ ಸೆನ್ಸಾರ್ ಇಲ್ಲ. ಅಧ್ಯಕ್ಷನಿಗೆ ದೊಡ್ಡ ಬಿರುದು, ಜೊತೆಗೆ ತಾನೇ ಡಾಕ್ಟರ್ ಪದವಿ ಕೊಡುವ ಅಧಿಕಾರ. ನಮ್ಮ ಕಡೆ ಇಂಥ ಅಧಿಕಾರ ಕೊಟ್ಟಿದ್ದರೆ ಗೌರವ ಡಾಕ್ಟರೇಟಿಗೆ ಸಾಲು ಚೆನ್ನಮ್ಮ ಸರ್ಕಲ್ ತನಕ ನಿಲ್ಲುತ್ತಿತ್ತು.

ತಮಾಷೆ ಇರಲಿ. ಸೆನ್ಸಾರ್ ಇಲ್ಲ ಅನ್ನುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಇಷ್ಟಾಗಿಯೂ ರಾಷ್ಟ್ರೀಯ ಅಕಾಡೆಮಿ ಅಂತ ಸರ್ಕಾರ ಘೋಷಿಸಿದ್ದು 2008ರಲ್ಲಿ. ಆಗಿನ ಅಧ್ಯಕ್ಷ ಫೋಲ್ಕರ್ ಟೆರ್ ಮ್ಯೂಲೆನ್ ಕೂಡ ವೈದ್ಯ ಓದಿದವರೇ, ವೈರಸ್ ತಜ್ಞರು.

ಖಾನಾಪುರ_ಸಂದೇಹಿ:
ಕತ್ತಲ ಭಾಗವನ್ನೂ ಹೇಳಿಬಿಡೋಣ. 1933ರಲ್ಲಿ ಹಿಟ್ಲರ್ ಬಂದ. ಅಕಾಡೆಮಿ ತನ್ನ ಯಹೂದಿ ಸದಸ್ಯರ ಹೆಸರು ಹೊಡೆದುಹಾಕಿತು. ಐನ್‌ಸ್ಟೈನ್ ಹೆಸರೂ ಹೋಯಿತು. ಕೆಲವು ಸದಸ್ಯರು ನಾಜಿ ಶಿಬಿರಗಳಲ್ಲಿ ಸತ್ತರು. ಹಾಲೆಯಲ್ಲಿ ಅವರ ಹೆಸರಿನ ಸ್ಮಾರಕ ನಿಲ್ಲಿಸಿದ್ದು 2009ರಲ್ಲಿ. ಆ ಕಾಲದ ಅಧ್ಯಕ್ಷ ಯಾರು? ಎಮಿಲ್ ಅಬ್ಡರ್‌ಹಾಲ್ಡನ್. ಅವನೂ ವೈದ್ಯ ಓದಿದವನೇ.

ಅವನ ಇನ್ನೊಂದು ಕಥೆ ನಮ್ಮ ತಂಗಿಯ ವಾದಕ್ಕೆ ಸರಿಯಾಗಿ ಅಡ್ಡ ಬರುತ್ತದೆ. ಮೈಯೊಳಗೆ ಹೊರಗಿನ ಪ್ರೋಟೀನ್ ಬಂದರೆ ರಕ್ತದಲ್ಲಿ "ರಕ್ಷಣಾ ಕಿಣ್ವ" ಹುಟ್ಟುತ್ತದೆ, ಅದನ್ನು ನೋಡಿ ಬಸುರಿ ಹೌದೋ ಅಲ್ಲವೋ ಹೇಳಬಹುದು ಅಂತ ಅವನು ಪ್ರಚಾರ ಮಾಡಿದ. ಲಿಯೊನೋರ್ ಮಿಖಾಯೆಲಿಸ್ ಎಂಬ ಇನ್ನೊಬ್ಬ ವೈದ್ಯ ಪರೀಕ್ಷೆ ಮಾಡಿ, ಇದು ನಡೆಯುವುದಿಲ್ಲ ಅಂತ 1914ರಲ್ಲೇ ಅಚ್ಚು ಹಾಕಿದ. ಆದದ್ದೇನು? ಮಿಖಾಯೆಲಿಸ್‌ಗೆ ಜರ್ಮನಿಯಲ್ಲಿ ತಕ್ಕ ಕುರ್ಚಿ ಸಿಗಲಿಲ್ಲ. 1922ರಲ್ಲಿ ಜಪಾನಿಗೆ ಹೋದ. ಅಬ್ಡರ್‌ಹಾಲ್ಡನ್ ಅಕಾಡೆಮಿಯ ಅಧ್ಯಕ್ಷನಾದ. ಇಲ್ಲದ ಕಿಣ್ವದ ಬಗ್ಗೆ ದಶಕಗಟ್ಟಲೆ ಲೇಖನಗಳು ಬಂದವು. ಹೆಸರು, ಊರು, ವರ್ಷ ಎಲ್ಲ ಇತ್ತು. ತಿದ್ದಿದವನ ಮಾತು ಕೇಳುವವರು ಇರಲಿಲ್ಲ.

ಗುಮ್ಮಟದ_ಹುಡುಗಿ:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಕಾಕಾ. ಒಂದು ಮಾತ್ರ ಹೇಳಬಹುದು. ಮಿಖಾಯೆಲಿಸ್ ಬರೆದಿಟ್ಟದ್ದರಿಂದಲೇ ಇವತ್ತು ನೀವು ಅದನ್ನು ನಮಗೆ ಹೇಳುತ್ತಿದ್ದೀರಿ.

ಮಾಸ್ತರ_ಗೋಕಾಕ:
ಜರ್ಮನಿ ಸಾಕು, ನಮ್ಮ ದೇಶಕ್ಕೆ ಬರೋಣ. ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಶುರು ಮಾಡಿದ್ದು 1934ರಲ್ಲಿ, ಅದು ನಮಗೆಲ್ಲ ಗೊತ್ತು. ರಾಮನ್ ಎಲ್ಲಿಂದ ಬಂದರು? ಅದರ ಹಿಂದೆ ಒಬ್ಬ ಡಾಕ್ಟರ್ ಇದ್ದಾರೆ. ಕಲ್ಕತ್ತೆಯ ಮಹೇಂದ್ರಲಾಲ್ ಸರ್ಕಾರ್.

1863ರಲ್ಲಿ ಎಂ.ಡಿ. ಮಾಡಿದವರು. ಆ ಕಾಲಕ್ಕೆ ಎಂ.ಡಿ. ಅಂದರೆ ಬೆರಳೆಣಿಕೆ. ಪ್ರಾಕ್ಟೀಸ್ ಜೋರಿತ್ತು. 1867ರಲ್ಲಿ ತುಂಬಿದ ಸಭೆಯಲ್ಲಿ ಎದ್ದು ನಿಂತು, ಹೋಮಿಯೋಪತಿಯಲ್ಲೂ ಸತ್ಯ ಇದೆ ಅಂದರು. ಜೊತೆಯ ಡಾಕ್ಟರುಗಳು ದೂರ ಮಾಡಿದರು. ಇವರು ಸುಮ್ನೆ ಕೂರಲಿಲ್ಲ, ತಮ್ಮದೇ ವೈದ್ಯ ಪತ್ರಿಕೆ ತೆಗೆದರು. ಭಾರತೀಯರೇ ನಡೆಸುವ ಒಂದು ವಿಜ್ಞಾನ ಸಂಸ್ಥೆ ಬೇಕು ಅಂತ 1869ರಲ್ಲಿ ಆ ಪತ್ರಿಕೆಯಲ್ಲೇ ಬರೆದರು. ಹೋಮಿಯೋಪತಿ ಬಗ್ಗೆ ನನಗೇನೂ ದೊಡ್ಡ ಭಕ್ತಿ ಇಲ್ಲ. ಆದರೆ ಆ ಮನುಷ್ಯನ ಹಟ ನೋಡಿ.

ವರ್ಷಗಟ್ಟಲೆ ಚಂದಾ ಎತ್ತಿ 1876ರಲ್ಲಿ ಬೌಬಜಾರ್ ಬೀದಿಯ 210ನೇ ನಂಬರಿನಲ್ಲಿ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಶುರುವಾಯಿತು. ಉಪನ್ಯಾಸ ನಡೆಯುತ್ತಿತ್ತು, ಪ್ರಯೋಗ ತೋರಿಸುತ್ತಿದ್ದರು. ಕೂತು ಸಂಶೋಧನೆ ಮಾಡುವವರು ಮಾತ್ರ ಸಿಗಲಿಲ್ಲ. ಸರ್ಕಾರ್ ಅದೇ ಕೊರಗಿನಲ್ಲಿ 1904ರಲ್ಲಿ ತೀರಿಕೊಂಡರು.

ಮೂರು ವರ್ಷದ ಮೇಲೆ, 1907ರಲ್ಲಿ, ಹಣಕಾಸು ಇಲಾಖೆಗೆ ನೌಕರಿಗೆ ಬಂದ ಒಬ್ಬ ತಮಿಳು ಹುಡುಗ ಆ ಬೋರ್ಡು ನೋಡಿ ಒಳಗೆ ಹೋದ. ಆಫೀಸಿಗೆ ಮುಂಚೆ, ಆಫೀಸು ಬಿಟ್ಟ ಮೇಲೆ ಅಲ್ಲೇ ಪ್ರಯೋಗ. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಆ ಡಾಕ್ಟರ್ ಚಂದಾ ಎತ್ತಿ ಕಟ್ಟಿಸಿದ ಸಂಸ್ಥೆಯಲ್ಲಿ. ಪ್ರತಿ ವರ್ಷ ವಿಜ್ಞಾನ ದಿನ ಮಾಡುತ್ತೇವೆ, ಭಾಷಣದಲ್ಲಿ ಸರ್ಕಾರ್ ಹೆಸರು ನಾನು ಕೇಳಿದ್ದಿಲ್ಲ.

ಗ್ರಂಥಪಾಲಕ_ಬೆಳಗಾವಿ:
ಮಾಸ್ತರ್, ಬಹಳ ಚೆನ್ನಾಗಿ ನೆನಪಿಸಿದಿರಿ. ಗಮನಿಸಿ, ಇಲ್ಲೂ ಮೊದಲು ಪತ್ರಿಕೆ, ಆಮೇಲೆ ಸಂಸ್ಥೆ.

ಗುಮ್ಮಟದ_ಹುಡುಗಿ:
ನಮ್ಮ ಕಡೆ ಬರೆಯುವವರೇ ಇರಲಿಲ್ಲ ಅನ್ನುವುದು ಸರಿಯಲ್ಲ. ಇಬ್ರಾಹಿಂ ಆದಿಲಶಾಹಿಯ ಕಾಲದಲ್ಲಿ ವಿಜಯಪುರದಲ್ಲಿದ್ದ ಫರಿಶ್ತಾನನ್ನು ಎಲ್ಲರೂ ಇತಿಹಾಸಕಾರ ಅಂತಲೇ ಓದುತ್ತಾರೆ. ಅವನು ವೈದ್ಯದ ಮೇಲೂ ಪರ್ಷಿಯನ್ನಿನಲ್ಲಿ ಒಂದು ಪುಸ್ತಕ ಬರೆದಿದ್ದಾನೆ, ನಮ್ಮ ದೇಶದ ವೈದ್ಯಪದ್ಧತಿ ಕುರಿತು. ಗೈಡುಗಳು ಪಿಸುಮಾತಿನ ಗ್ಯಾಲರಿ ತೋರಿಸಿ ಕಳಿಸುತ್ತಾರೆ, ಇದನ್ನು ಹೇಳುವುದಿಲ್ಲ.

ಇನ್ನೊಂದು. ಸಾಕ್ಸ್ ಪತ್ರಿಕೆ ಶುರು ಮಾಡಿ ಐದು ವರ್ಷಕ್ಕೆ, 1675ರಲ್ಲಿ, ಕೊಚ್ಚಿಯಲ್ಲಿ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು ಡಚ್ಚರ ಹೊರ್ಟುಸ್ ಮಲಬಾರಿಕುಸ್ ಗ್ರಂಥಕ್ಕೆ ಗಿಡಮೂಲಿಕೆ ಮಾಹಿತಿ ಕೊಟ್ಟು, ನಾಗರಿ ಲಿಪಿಯಲ್ಲಿ ಪ್ರಮಾಣಪತ್ರ ಬರೆದುಕೊಟ್ಟರು. ಮಲಯಾಳಿ ವೈದ್ಯ ಇಟ್ಟಿ ಅಚ್ಯುತನ್ ಅದಕ್ಕೂ ದೊಡ್ಡ ಪಾಲು ಕೊಟ್ಟವರು. ಹನ್ನೆರಡು ಸಂಪುಟ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದವು. ನಮ್ಮ ವೈದ್ಯರಿಗೆ ವಿದ್ಯೆ ಇತ್ತು, ಬರೆಯುವ ಕೈ ಇತ್ತು. ಇವರ ಕಾಗದ ಅವರಿಗೆ, ಅವರ ಕಾಗದ ಇವರಿಗೆ ತಲುಪಿಸಿ ವರ್ಷಕ್ಕೊಮ್ಮೆ ಅಚ್ಚು ಹಾಕುವ ಸಾಕ್ಸ್ ಮಾತ್ರ ಸಿಗಲಿಲ್ಲ.

ಖಾನಾಪುರ_ಸಂದೇಹಿ:
ಇದನ್ನು ಒಪ್ಪಿದೆ.

ಘಟಪ್ರಭಾ_ಡಾಕ್ಟರ್:
ವಹಿ ಸಿಕ್ಕಿತು. ಗೆದ್ದಲು ಹತ್ತಿಲ್ಲ. ಎರಡು ತೊಂದರೆ ಇವೆ. ಒಂದು, ರೋಗಿಯ ಗುರುತು. ನಮ್ಮ ಕಡೆ "ಇಂಥ ಹಳ್ಳಿಯ ಇಂಥ ವಯಸ್ಸಿನವ" ಅಂದರೆ ಸಾಕು, ಯಾರು ಅಂತ ಗೊತ್ತಾಗಿಬಿಡುತ್ತದೆ. ಅದರಲ್ಲೂ ವಿಷದ ಕೇಸು ಅಂದರೆ ಮನೆಯವರ ಮೇಲೆ ಅನುಮಾನ, ಪೊಲೀಸು. ಹಾಗಾಗಿ ಊರು, ವಯಸ್ಸು, ತಿಂಗಳು ಮೂರನ್ನೂ ಬಿಡಬೇಕು, ಮೇಲಿಂದ ಅವರ ಒಪ್ಪಿಗೆಯೂ ಬೇಕು. ಎರಡನೆಯದು, ಒಬ್ಬನ ವಹಿಯಿಂದ ಏನೂ ಸಾಬೀತಾಗುವುದಿಲ್ಲ. ಸಂದೇಹಿ ಸಾಹೇಬ್ರು ಹೇಳಿದ ಹದ್ದಿನ ಕಲ್ಲಿನ ಗತಿಯೇ ಆದೀತು. ಇದೇ ಕೆಲಸ ಇನ್ನೂ ಹತ್ತು ತಾಲೂಕಿನಲ್ಲಿ ನಡೆದರೆ ಮಾತು ಬೇರೆ.

ಆದರೂ ವಹಿ ತಿರುವಿ ಹಾಕಿದಾಗ ಮತ್ತೆ ಕಣ್ಣಿಗೆ ಬಿದ್ದದ್ದು ಒಂದನ್ನು, ಯಾರದೂ ಗುರುತಿಲ್ಲದೆ, ಇಲ್ಲಿ ಹಾಕುತ್ತೇನೆ. ಬರುವಾಗ ರೋಗಿಯ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ. ಈ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಹಾಕಿ, ಎದೆ ಒಣಗುವ ತನಕ ಮತ್ತೆ ಮತ್ತೆ ಹಾಕುತ್ತೇವೆ. "ವಿಷ ಕುಡಿದೆಯಾ?" ಅಂದರೆ ಇಲ್ಲ ಅನ್ನುತ್ತಾರೆ. ಯಾರೂ ನಂಬುವುದಿಲ್ಲ. ನಾನು ಅಂಗಿ ಬಿಚ್ಚಿಸಿ ನೋಡಲು ಶುರು ಮಾಡಿದೆ. ಹೀಗೆ ಹೇಳಿದವರಲ್ಲಿ ಹಲವರ ಬೆನ್ನು, ಸೊಂಟದ ಹತ್ತಿರ ಬಟ್ಟೆ ಒದ್ದೆ, ಎಣ್ಣೆಯ ನಾತ. ಬೆನ್ನಿಗೆ ಕಟ್ಟುವ ಪಂಪು ಸೋರಿ ಚರ್ಮದಿಂದಲೇ ವಿಷ ಏರಿದೆ. ಅಂಗಿ ತೆಗೆದು ಸೋಪು ಹಚ್ಚಿ ತೊಳೆಯದೆ ಬರೀ ಇಂಜೆಕ್ಷನ್ ಕೊಟ್ಟರೆ ವಿಷ ಇನ್ನೂ ಏರುತ್ತಲೇ ಇರುತ್ತದೆ. ಚರ್ಮದಿಂದ ಏರುತ್ತದೆ ಅನ್ನುವುದು ಪುಸ್ತಕದಲ್ಲಿದೆ, ಹೊಸದೇನಲ್ಲ. ಪಂಪು ಯಾಕೆ ಬೆನ್ನ ಕಡೆಯೇ ಸೋರುತ್ತದೆ ಅನ್ನುವುದು ಪುಸ್ತಕದಲ್ಲಿಲ್ಲ.

ತಿಕೋಟಾ_ದ್ರಾಕ್ಷಿ:
ಡಾಕ್ಟರ್ ಸಾಹೇಬ್ರೇ, ಅದನ್ನು ನಾನು ಹೇಳುತ್ತೇನೆ. ದ್ರಾಕ್ಷಿಗೆ ನಾವು ಈಗ ಟ್ರ್ಯಾಕ್ಟರ್ ಬ್ಲೋವರ್ ಹಚ್ಚುತ್ತೇವೆ. ಬೆನ್ನ ಪಂಪು ತೊಗರಿ, ಹತ್ತಿ ಹೊಲಕ್ಕೆ. ಸೋರುವುದು ಎರಡು ಕಡೆ. ಮೇಲಿನ ಮುಚ್ಚಳದ ರಬ್ಬರ್ ವಾಷರ್ ಬಿಸಿಲಿಗೆ ಬಿರಿದಿರುತ್ತದೆ. ಬಗ್ಗಿ ಹೊಡೆಯುವಾಗ ಎಣ್ಣೆ ನೀರು ತುಳುಕಿ ಕುತ್ತಿಗೆಯಿಂದ ಕೆಳಗಿಳಿಯುತ್ತದೆ. ಇನ್ನೊಂದು, ಕೆಳಗೆ ಪೈಪು ಕೂಡುವ ಜಾಗ. ಅಲ್ಲಿ ಸಡಿಲಾದರೆ ದಾರ ಸುತ್ತಿ ನಡೆಸುತ್ತಾರೆ, ಅದು ಸರಿಯಾಗಿ ಸೊಂಟಕ್ಕೇ ಬರುತ್ತದೆ. ಹೊಸ ವಾಷರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ತರುವುದಿಲ್ಲ. ಬಾಡಿಗೆ ಪಂಪಾದರೆ ಯಾರು ತರಬೇಕು ಅಂತ ಜಗಳ.

ಒದ್ದೆ ಕುತ್ತಿಗೆಯಿಂದ ಇಳಿದಿತ್ತಾ, ಸೊಂಟದಲ್ಲಷ್ಟೇ ಇತ್ತಾ? ನಿಮ್ಮ ವಹಿಯಲ್ಲಿ ಅದು ಇದೆಯಾ?

ಘಟಪ್ರಭಾ_ಡಾಕ್ಟರ್:
ಕೆಲವರದು ಬರೆದಿದ್ದೇನೆ, ಎಲ್ಲರದೂ ಇಲ್ಲ. ಇನ್ನು ಮೇಲೆ ಅದಕ್ಕೊಂದು ಕಾಲಂ ಹಾಕುತ್ತೇನೆ. ಅಥಣಿ, ಇಂಡಿ, ಸಿಂದಗಿ ಕಡೆಯ ಡಾಕ್ಟರುಗಳು ಯಾರಾದರೂ ಇದನ್ನು ಓದುತ್ತಿದ್ದರೆ ಅಂಗಿ ಬಿಚ್ಚಿಸಿ ನೋಡಿ, ಎಲ್ಲಿ ಒದ್ದೆ ಇತ್ತು ಅಂತ ಬರೆಯಿರಿ.